ಕಿಟ್ಟಿ ಟರ್ಮಿನಲ್: ಲಾಗ್ ಓದಲು ಸೈ, ಕನ್ನಡ ಓದಲು ಕಷ್ಟ

ಕಮ್ಯಾಂಡ್ ಟೈಪಿಸಿ ಕೆಲಸ ಮಾಡಿಸುವ ಟರ್ಮಿನಲ್ ಪ್ರೋಗ್ರಾಂ ಕಿಟ್ಟಿಯನ್ನು ಹೊಗಳುವವರೆಲ್ಲ ಮೊದಲು ಎತ್ತುವುದು ಜಿಪಿಯು (ಗ್ರಾಫಿಕ್ಸ್ ಚಿಪ್) ವೇಗದ ಮಾತು. ಅದು ನಿಜವೇ, ಸಾವಿರಾರು ಸಾಲಿನ ಲಾಗ್ ಸುರಿದರೂ ತಡವರಿಸುವುದಿಲ್ಲ. ಆದರೆ ದಿನವಿಡೀ ಬಳಸುವವರ ಕೈಗೆ ಹತ್ತುವುದು ಕಂಟ್ರೋಲ್-ಶಿಫ್ಟ್-ಜಿ. ಹಿಂದಿನ ಕಮ್ಯಾಂಡಿನ ಔಟ್‌ಪುಟ್ ಮಾತ್ರ ಬೇರೆಯಾಗಿ ತೆರೆಯುತ್ತದೆ, ಮೇಲೆ ಕೆಳಗೆ ಹುಡುಕುವ ಕಾಟವಿಲ್ಲ. ಬ್ಯಾಶ್, ಜೆಡ್‌ಶೆಲ್, ಫಿಶ್ ಈ ಮೂರು ಶೆಲ್‌ಗಳಲ್ಲೂ (ಕಮ್ಯಾಂಡ್ ಓದಿ ನಡೆಸುವ ಪ್ರೋಗ್ರಾಂ) ಇದು ತಾನಾಗಿ ನಡೆಯುತ್ತದೆ.

ಮೊದಲು ಬದಲಿಸಬೇಕಾದದ್ದು ಹಿಂದಕ್ಕೆ ಸರಿಸಿ ಓದಲು ಉಳಿಯುವ ಸಾಲುಗಳ ಮಿತಿ, ಅಂದರೆ ಸ್ಕ್ರೋಲ್‌ಬ್ಯಾಕ್. ಮೂಲದಲ್ಲಿ 2000 ಸಾಲು. ಒಂದು ಬಿಲ್ಡ್‌ಗೂ ಸಾಲದು. ಕಂಟ್ರೋಲ್-ಶಿಫ್ಟ್-ಎಫ್2 ಒತ್ತಿ ಕಾನ್ಫಿಗ್ ತೆರೆದು 20000 ಮಾಡಿ, ಕಂಟ್ರೋಲ್-ಶಿಫ್ಟ್-ಎಫ್5ರಿಂದ ರೀಲೋಡ್ ಮಾಡಿ. ತೆರೆದಿರುವ ವಿಂಡೋಗೆ ಇದು ತಗುಲುವುದಿಲ್ಲ, ಹೊಸದಕ್ಕೆ ಮಾತ್ರ. ಮಿತಿಯೇ ಬೇಡವೆಂದು ಬಿಟ್ಟರೆ ರ‍್ಯಾಮ್ ತಿನ್ನುತ್ತದೆ.

ಹೊಸಬರು ಮುಗ್ಗರಿಸುವುದು ದೂರದ ಸರ್ವರ್‌ಗೆ ಜೋಡಿಸುವ ಎಸ್‌ಎಸ್‌ಎಚ್‌ನಲ್ಲಿ. ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಅಳಿಯುವ ಬದಲು ಜಾಗ ಬೀಳುತ್ತದೆ. ಒಂದೇ ಟರ್ಮಿನಲ್‌ನಲ್ಲಿ ಹಲವು ವಿಂಡೋ ಕೊಟ್ಟು, ಸಂಪರ್ಕ ಕಡಿದರೂ ಕೆಲಸ ಓಡಿಸುತ್ತಲೇ ಇರುವ ಟೀಮಕ್ಸ್ ತೆರೆಯುವುದೇ ಇಲ್ಲ. ಕಿಟ್ಟಿ ತನ್ನನ್ನು 'ಎಕ್ಸ್‌ಟರ್ಮ್-ಕಿಟ್ಟಿ' ಎಂದು ಹೇಳಿಕೊಳ್ಳುತ್ತದೆ, ಆ ಹೆಸರಿನ ಟರ್ಮಿನ್ಫೊ (ಟರ್ಮಿನಲ್‌ನ ಗುಣ ವಿವರಿಸುವ ಫೈಲ್) ಸಾಮಾನ್ಯವಾಗಿ ಸರ್ವರ್‌ನಲ್ಲಿ ಇರುವುದಿಲ್ಲ. ಬರೀ ಎಸ್‌ಎಸ್‌ಎಚ್ ಬದಲು 'ಕಿಟನ್ ಎಸ್‌ಎಸ್‌ಎಚ್' ಬಳಸಿದರೆ ಅದು ಆ ಫೈಲನ್ನು ತಾನೇ ಒಯ್ದು ಇಡುತ್ತದೆ. ಡೆಬಿಯನ್ ಲಿನಕ್ಸ್ ಸರ್ವರ್ ನಿಮ್ಮದೇ ಆದರೆ 'ಕಿಟ್ಟಿ-ಟರ್ಮಿನ್ಫೊ' ಪ್ಯಾಕೇಜ್ ಹಾಕಿಬಿಡಿ.

ಟೀಮಕ್ಸ್ ಬೇಡವೆನ್ನುವುದು ಕಿಟ್ಟಿ ಬರೆದ ಕೋವಿದ್ ಗೋಯಲ್ (ಇ-ಪುಸ್ತಕದ ಕ್ಯಾಲಿಬರ್ ಕೂಡ ಇವರದೇ) ಅವರ ವಾದ. ಪರದೆಯನ್ನು ಹಲವು ವಿಂಡೋಗಳಾಗಿ ಹಂಚುವ ಮಟ್ಟಿಗೆ ಒಪ್ಪೋಣ. ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಮಾತ್ರ ಆ ವಾದ ನಡೆಯದು. ಹಿರೇಹಳ್ಳಿ ದಾಟುವಷ್ಟರಲ್ಲಿ ಹಾಟ್‌ಸ್ಪಾಟ್ ಕೈಕೊಟ್ಟರೆ ಎಸ್‌ಎಸ್‌ಎಚ್ ಕಡಿದು ಅರ್ಧ ಓಡಿದ ಕೆಲಸವೂ ನಿಲ್ಲುತ್ತದೆ. ಸರ್ವರ್ ಕಡೆ ಟೀಮಕ್ಸ್ ಇರಲೇಬೇಕು.

ಇನ್ನು ಕನ್ನಡ. 'ಕ್ಯಾತ್ಸಂದ್ರ' ಅಂತ ಒಂದು ಹೆಸರು ಇರುವ, ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಿಎಸ್‌ವಿ ತೆರೆದು ನೋಡಿ. ಟರ್ಮಿನಲ್ ಅಕ್ಷರಗಳನ್ನು ಸಮ ಅಗಲದ ಮನೆಗಳಲ್ಲಿ ಕೂರಿಸುತ್ತದೆ. ನಮ್ಮ ಅಕ್ಷರಗಳ ಅಗಲ ಸಮವಲ್ಲ, ಒತ್ತು ಬೇರೆ ಕೆಳಗಿಳಿಯುತ್ತದೆ. ಹಾಗಾಗಿ ಅಕ್ಷರ ಒಂದರ ಮೇಲೊಂದು ಏರಿ, ಕಾಲಂ ವಾರೆಯಾಗುತ್ತದೆ. ಕಾನ್ಫಿಗ್‌ನಲ್ಲಿ ಯಾವ ಅಕ್ಷರಕ್ಕೆ ಯಾವ ಫಾಂಟ್ ಎಂದು ಹೇಳುವ ಸಿಂಬಲ್ ಮ್ಯಾಪ್‌ನಲ್ಲಿ ಯೂನಿಕೋಡ್‌ನ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ (ಕನ್ನಡ ಅಕ್ಷರಗಳ ವ್ಯಾಪ್ತಿ) ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟು, ಮಾಡಿಫೈ ಫಾಂಟ್‌ನಲ್ಲಿ ಸೆಲ್ ಎತ್ತರ 120% ಮಾಡಿದರೆ ಒತ್ತಕ್ಷರದ ಕಾಲು ಕತ್ತರಿಸುವುದು ತಗ್ಗುತ್ತದೆ. ಕಾಲಂ ಮಾತ್ರ ನೆಟ್ಟಗಾಗುವುದಿಲ್ಲ. ಅಂಥ ಫೈಲಿಗೆ ಲಿಬ್ರೆಆಫೀಸೇ ಗತಿ.

ಹಳೆಯ ಲ್ಯಾಬ್ ಯಂತ್ರಗಳಲ್ಲಿ ಹಾಕುವ ಮುನ್ನ ಗ್ರಾಫಿಕ್ಸ್ ವ್ಯವಸ್ಥೆಯಾದ ಓಪನ್‌ಜಿಎಲ್ ಆವೃತ್ತಿ ನೋಡಿ, 3.3 ಅಥವಾ ಮೇಲಿದ್ದರೆ ಚಿಂತೆಯಿಲ್ಲ. ವರ್ಚುವಲ್ ಯಂತ್ರದಲ್ಲಾದರೆ 3ಡಿ ವೇಗವರ್ಧನೆ ಆನ್ ಮಾಡಿರುವುದು ಒಳ್ಳೆಯದು. ವಿಂಡೋಸ್‌ಗೆ ಕಿಟ್ಟಿ ಇಲ್ಲ. ಉಬುಂಟುವಿನ ಪ್ಯಾಕೇಜ್ ಹಾಕುವ ಸಾಧನ ಎಪಿಟಿಯಲ್ಲಿ ಸಿಗುವುದು ಸಾಮಾನ್ಯವಾಗಿ ಹಳೆಯ ಆವೃತ್ತಿ, ಅಧಿಕೃತ ಇನ್‌ಸ್ಟಾಲರ್ ವಾಸಿ. ಅದು ಹೋಮ್ ಫೋಲ್ಡರಿನೊಳಗೇ ಕೂರುವುದರಿಂದ ಅಡ್ಮಿನ್ ಪಾಸ್‌ವರ್ಡ್ ಕೇಳುವುದಿಲ್ಲ, ಆದರೆ ಮೆನುವಿನಲ್ಲಿ ಕಾಣಬೇಕಾದರೆ ಡೆಸ್ಕ್‌ಟಾಪ್ ಫೈಲನ್ನು ನೀವೇ ನಕಲು ಮಾಡಬೇಕು.