ಇಂಕ್‌ಸ್ಕೇಪ್‌ಗೆ ಪ್ಲಗಿನ್ ಬರೆಯುತ್ತಾ ಎರಡು ವರ್ಷ: ‘ಶ್ರೀ’ ನಾಲ್ಕು ತುಂಡಾಯ್ತು

ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಸೀಸನ್ನಿನಲ್ಲಿ ಕಾರ್ಡಿಗಿಂತ ಸ್ಟೇಜಿನ ಅಕ್ಷರದ ಕೆಲಸವೇ ಜಾಸ್ತಿ. ಹುಡುಗ ಹುಡುಗಿಯ ಹೆಸರನ್ನು ದೊಡ್ಡದಾಗಿ ಫೋಮ್ ಶೀಟಿನಲ್ಲಿ ಕತ್ತರಿಸಿ ಹಿಂದೆ ಅಂಟಿಸುತ್ತಾರಲ್ಲ, ಅದು. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ 8 ಅಡಿಗೆ 4 ಅಡಿಯ ಶೀಟಿನಲ್ಲಿ ಜೋಡಿಸಿ, ಕತ್ತರಿಸುವ ಮೆಷಿನ್‌ಗೆ ಬೇಕಾದ ಡಿಎಕ್ಸ್‌ಎಫ್ ಅನ್ನುವ ಫೈಲ್ ಮಾಡಿ ಕಟಿಂಗ್‌ನವರಿಗೆ ಕಳಿಸಬೇಕು. ಕೈಯಲ್ಲಿ ಮಾಡಿದರೆ ಒಂದು ಜೋಡಿಗೆ ಮುಕ್ಕಾಲು ಗಂಟೆ. ಈ ಬೇಜಾರಿಗೇ, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ಗೆ ಪ್ಲಗಿನ್, ಅಂದ್ರೆ ಅದಕ್ಕೆ ಹೊಸ ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಂ, ಬರೆಯಲು ಕೂತೆ. ಅಲ್ಲಿ ಇದನ್ನು ಎಕ್ಸ್‌ಟೆನ್ಶನ್ ಅನ್ನುತ್ತಾರೆ.

ಇಂಕ್‌ಸ್ಕೇಪ್ ಯಾಕೆ ಅಂದ್ರೆ, ಪುಕ್ಕಟೆ. ಸೀಸನ್ ಇದ್ದಾಗ ಮಾತ್ರ ದುಡಿಯುವ ಸಾಫ್ಟ್‌ವೇರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಲು ನನಗೆ ಮನಸ್ಸಿಲ್ಲ. ಪ್ಲಗಿನ್ ಬರೆಯುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಕೂಡ ವಿಂಡೋಸ್‌ನಲ್ಲಿ ಅದರ ಜೊತೆಗೇ ಬರುತ್ತದೆ, ಬೇರೆ ಹಾಕಿಕೊಳ್ಳುವ ತಲೆನೋವಿಲ್ಲ. ಎರಡು ಫೈಲ್ ಬೇಕು. ಕೆಲಸ ಮಾಡುವ ಪೈಥಾನ್ ಫೈಲ್ ಒಂದು. ಮೆನುವಿನಲ್ಲಿ ಹೆಸರು, ಕಿಟಕಿಯಲ್ಲಿ ಯಾವ್ಯಾವ ಖಾನೆ ಇರಬೇಕು ಅಂತ ಹೇಳುವ ಐಎನ್‌ಎಕ್ಸ್ ಫೈಲ್ ಇನ್ನೊಂದು. ಮೆನುವಿನಲ್ಲಿ ‘ಅಕ್ಷರ ಬಿಡಿಸು’ ಅಂತ ಕನ್ನಡದಲ್ಲೇ ಬಂದ ದಿನ ಹೆಂಡತಿಯನ್ನು ಕರೆದು ತೋರಿಸಿದ್ದೆ.

ಮೊದಲ ತಿಂಗಳು ಮಾತ್ರ ಹಿಂಸೆ. ಎಲ್ಲಿ ತಪ್ಪಿದೆ ನೋಡೋಣ ಅಂತ ಕೋಡಿನ ಮಧ್ಯೆ ಪ್ರಿಂಟ್ (ಒಂದು ಸಾಲು ಬರೆದು ತೋರಿಸು ಅನ್ನುವ ಪೈಥಾನ್ ಆಜ್ಞೆ) ಹಾಕಿದರೆ ಇಡೀ ಚಿತ್ರವೇ ಕೆಡುತ್ತಿತ್ತು. ಪ್ಲಗಿನ್ ತಿದ್ದಿದ ಎಸ್‌ವಿಜಿಯನ್ನು, ಅಂದ್ರೆ ಚಿತ್ರದ ಫೈಲನ್ನು, ಇಂಕ್‌ಸ್ಕೇಪ್‌ಗೆ ವಾಪಸ್ ಕೊಡುವುದು ಪ್ರಿಂಟ್ ಹೋಗುವ ದಾರಿಯಲ್ಲೇ. ನನ್ನ ‘ಇಲ್ಲಿಗೆ ಬಂತು’ ಅನ್ನುವ ಸಾಲೂ ಚಿತ್ರದೊಳಗೆ ಸೇರಿಕೊಳ್ಳುತ್ತಿತ್ತು. ಅದಕ್ಕೆ, ಸಂದೇಶವನ್ನು ಬೇರೆಯಾಗಿ ತೋರಿಸುವ ಸೆಲ್ಫ್ ಡಾಟ್ ಎಂಎಸ್‌ಜಿ ಅನ್ನುವ ಆಜ್ಞೆ ಬಳಸಬೇಕು ಅಂತ ಗೊತ್ತಾಗಲು ಒಂದು ವಾರ ಬೇಕಾಯ್ತು. ಆಮೇಲೆ ಎತ್ತರದ ಖಾನೆಯಲ್ಲಿ 300 ಮಿಲಿಮೀಟರ್ ಹಾಕಲು ಹೋದರೆ 10ಕ್ಕೆ ನಿಂತುಬಿಡುತ್ತಿತ್ತು. ಗರಿಷ್ಠ ಎಷ್ಟು ಅಂತ ನಾವು ಹೇಳದಿದ್ದರೆ ಅದು 10 ಅಂದುಕೊಳ್ಳುತ್ತದೆಯಂತೆ! ಪೈಥಾನ್ ಫೈಲ್ ಬದಲಿಸಿದರೆ ತಕ್ಷಣ ಬದಲಾಗುತ್ತದೆ. ಐಎನ್‌ಎಕ್ಸ್ ಮುಟ್ಟಿದರೆ ಮಾತ್ರ ಇಂಕ್‌ಸ್ಕೇಪ್ ಮುಚ್ಚಿ ತೆಗೆಯಬೇಕು. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅಷ್ಟರೊಳಗೆ ಒಂದು ಕಾಫಿ ಮುಗಿಯುತ್ತದೆ.

ಇವೆಲ್ಲ ಇರಲಿ, ನಾನು ಬರೆಯಲು ಕೂತಿದ್ದು ‘ಶ್ರೀ’ ಬಗ್ಗೆ.

ಪ್ಲಗಿನ್ ಮೊದಲ ಸಲ ಓಡಿದಾಗ ‘ಶ್ರೀ’ ನಾಲ್ಕು ತುಂಡಾಗಿ ಬಿತ್ತು. ಶ, ಹಲಂತ (‘ನ್’ನಲ್ಲಿರುವಂತೆ ಸ್ವರ ತೆಗೆಯುವ ಚಿಹ್ನೆ), ರ, ದೀರ್ಘ ಈ ಗುಣಿತ. ‘ಲಕ್ಷ್ಮಿ’ಯಂತೂ ಏಳು ತುಂಡು. ನಮ್ಮ ಕಣ್ಣಿಗೆ ಅದು ಎರಡೇ ಅಕ್ಷರ, ಅಲ್ವಾ? ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಅಂದ್ರೆ ಕಂಪ್ಯೂಟರಿನಲ್ಲಿ ಒಂದೊಂದು ಲಿಪಿಚಿಹ್ನೆಗೂ ಕೊಟ್ಟಿರುವ ನಂಬರುಗಳನ್ನು. ಅದಕ್ಕೆ ಒತ್ತು, ಗುಣಿತ ಯಾವುದೂ ಗೊತ್ತಿಲ್ಲ. ಕೊನೆಗೆ ಒಂದನೇ ಕ್ಲಾಸಿನ ಪಾಠವನ್ನೇ ಕೋಡ್ ಮಾಡಿದೆ. ಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ, ಹಲಂತ ಬಂದರೆ ಹಿಂದಿನದಕ್ಕೆ ಅಂಟಿಸು. ಹಲಂತ ಆದಮೇಲೆ ವ್ಯಂಜನ ಬಂದರೆ ಅದನ್ನೂ ಅಂಟಿಸು. ಹನ್ನೊಂದು ಸಾಲು. ‘ಲಕ್ಷ್ಮಿ’ ಎರಡೇ ಆಗಿ ಬಂದಾಗ ಆದ ಖುಷಿ ಹೇಳತೀರದು.

ಖುಷಿ ಜಾಸ್ತಿ ದಿನ ಇರಲಿಲ್ಲ. ಗಿರಾಕಿಗಳು ವಾಟ್ಸ್ಆ್ಯಪ್‌ನಲ್ಲಿ ಹೆಸರು ಕಳಿಸುತ್ತಾರೆ. ಅದರಲ್ಲಿ ಕಣ್ಣಿಗೆ ಕಾಣದ ಏನೇನೋ ಇರುತ್ತದೆ ಅಂತ ಅವನ್ನೆಲ್ಲ ಒರೆಸುವ ಒಂದು ಸಾಲು ಸೇರಿಸಿದ್ದೆ. ‘ನವೀನ್‌ಕುಮಾರ್’ ಹೋಗಿ ‘ನವೀನ್ಕುಮಾರ್’ ಆಯ್ತು. ‘ನ್’ ಆದಮೇಲೆ ಒಂದು ಕಾಣದ ಸಂಕೇತ ಇರುತ್ತದೆ. ‘ಕ’ ಒತ್ತಾಗಿ ಕೆಳಗೆ ಇಳಿಯದಂತೆ ತಡೆಯುವುದೇ ಅದರ ಕೆಲಸ. ನಾನು ಅದನ್ನೇ ಕಸ ಅಂತ ಗುಡಿಸಿದ್ದೆ. ಪುಣ್ಯ, ಕಟಿಂಗ್‌ಗೆ ಹೋಗುವ ಮೊದಲೇ ಕಣ್ಣಿಗೆ ಬಿತ್ತು.

ಈಗ ನಿಜವಾದ ದೂರು. ಶೀಟಿನಲ್ಲಿ ಜೋಡಿಸಲು ಒಂದು ಅಕ್ಷರ ಎಷ್ಟು ಅಗಲ ಅಂತ ಗೊತ್ತಿರಬೇಕು, ಅದು ಇಂಕ್‌ಸ್ಕೇಪ್‌ನ ಪೈಥಾನ್ ಲೈಬ್ರರಿಗೆ (ಪ್ಲಗಿನ್ ಬರೆಯುವವರಿಗೆ ಕೊಟ್ಟಿರುವ ಸಿದ್ಧ ಕೋಡಿಗೆ) ಸರಿಯಾಗಿ ಗೊತ್ತಿಲ್ಲ. ಗೊತ್ತಿರುವುದು ಇಂಕ್‌ಸ್ಕೇಪ್‌ಗೆ. ಹಾಗಾಗಿ ತೆರೆದಿರುವ ಇಂಕ್‌ಸ್ಕೇಪ್‌ನೊಳಗಿಂದ ಇನ್ನೊಂದು ಇಂಕ್‌ಸ್ಕೇಪ್ ಓಡಿಸಿ ಕೇಳಬೇಕು. ಅಕ್ಷರಕ್ಕೊಂದು ಸಲ ಕೇಳಿದರೆ ಎದ್ದು ಹೋಗಿ ಬರಬಹುದು, ಅಷ್ಟು ನಿಧಾನ. ಎಲ್ಲ ಅಕ್ಷರವನ್ನೂ ಒಂದು ಫೈಲಿಗೆ ಹಾಕಿ ಒಂದೇ ಸಲ ಕ್ವೆರಿ ಆಲ್ ಅಂತ ಕೇಳಿದರೆ ಕೆಲವೇ ಸೆಕೆಂಡ್. ಅದು ಕೊಡುವ ಅಳತೆ ಪಿಕ್ಸೆಲ್‌ನಲ್ಲಿ, ಇಂಚಿಗೆ 96. ನನ್ನ ಪುಟ ಮಿಲಿಮೀಟರ್‌ನಲ್ಲಿ. ಎಲ್ಲ ಅಗಲವೂ ಮೂರೂಮುಕ್ಕಾಲು ಪಟ್ಟು ಬಂದಾಗ ನನ್ನ ಕೋಡನ್ನು ಬೈದುಕೊಂಡು ಎರಡು ದಿನ ಕಳೆದೆ.

ಬೈದರೂ ಬಿಡಲಾಗಲಿಲ್ಲ. ಒಂದು ಕಾರಣ ಆ ಎಕ್ಸ್‌ಟೆನ್ಶನ್ ಫೋಲ್ಡರ್. ಇಂಕ್‌ಸ್ಕೇಪ್ ಜೊತೆ ಬರುವ ಎಷ್ಟೋ ಪ್ಲಗಿನ್‌ಗಳು ಅಲ್ಲಿ ಓದಲು ಸಿಗುತ್ತವೆ. ನಾನು ದಿನಾ ಬಳಸುವ ಡಿಎಕ್ಸ್‌ಎಫ್ ಸೇವ್ ಕೂಡ ಅಂಥದ್ದೇ ಒಂದು ಪೈಥಾನ್ ಫೈಲ್. ಪುಸ್ತಕಕ್ಕಿಂತ ಅದನ್ನು ಓದಿ ಕಲಿತಿದ್ದೇ ಜಾಸ್ತಿ. ಇನ್ನೊಂದು ಕಾರಣ ಆಲ್ಟ್ ಕ್ಯೂ. ಹಿಂದಿನ ಪ್ಲಗಿನ್ನನ್ನೇ ಮತ್ತೆ ಓಡಿಸುವ ಕೀ ಅದು. ಬೆಳಿಗ್ಗೆ ಶಟರ್ ಎತ್ತಿ, ದೇವರಿಗೆ ಊದಿನಕಡ್ಡಿ ಹಚ್ಚಿ, ಒಂದು ಸಾಲು ತಿದ್ದಿ ಸೇವ್ ಮಾಡಿ ಆಲ್ಟ್ ಕ್ಯೂ ಒತ್ತುತ್ತೇನೆ. ಅಕ್ಷರಗಳು ಟಪಟಪ ಅಂತ ಸಾಲಾಗಿ ಕೂರುತ್ತವೆ. ಕಡ್ಡಿ ಆರುವಷ್ಟರಲ್ಲಿ ಒಂದು ಜೋಡಿಯ ಶೀಟ್ ರೆಡಿ.

ಕಾರ್ಡ್ ಪ್ರಿಂಟಿನವರಿಗೆ ಇಂಕ್‌ಸ್ಕೇಪ್ ಬಳಸಿ ಅಂತ ಹೇಳಲಾರೆ. ಸಿಎಂವೈಕೆ, ಅಂದ್ರೆ ಪ್ರೆಸ್ಸಿನ ನಾಲ್ಕು ಬಣ್ಣದ ಪಿಡಿಎಫ್‌ಗೆ ನಾನೇ ಇನ್ನೂ ಹಳೇ ಸಾಫ್ಟ್‌ವೇರ್ ತೆಗೆಯುತ್ತೇನೆ. ಕಟಿಂಗ್ ಕೆಲಸದವರಾದರೆ ಧೈರ್ಯವಾಗಿ ಶುರು ಮಾಡಿ.

ಒಂದು ಕೆಲಸ ಮಾತ್ರ ಬಾಕಿ. ‘ಅಣ್ಣಪ್ಪ’ ಅಂತ ಬಂದರೆ ಎಷ್ಟೋ ಫಾಂಟ್‌ಗಳಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ತಾಗುವುದೇ ಇಲ್ಲ. ಕತ್ತರಿಸಿದ ಮೇಲೆ ಎರಡು ಒತ್ತೂ ಬೇರೆ ತುಂಡಾಗಿ ಉದುರುತ್ತವೆ. ಮಧ್ಯೆ ಒಂದು ಸಣ್ಣ ಪಟ್ಟಿ ಎಳೆಯಬೇಕು. ಅದನ್ನು ಎಲ್ಲಿ ಎಳೆದರೆ ಚೆಂದ ಅಂತ ಪ್ಲಗಿನ್‌ಗೆ ಹೇಳಿಕೊಡಲು ಇನ್ನೂ ಆಗಿಲ್ಲ. ಸದ್ಯಕ್ಕೆ ಮೌಸ್ ಹಿಡಿದು ಕೈಯಲ್ಲೇ ಎಳೆಯುತ್ತಿದ್ದೇನೆ.