ಇಂಟರಪ್ಟ್ ಒಂದೇ ಸಲ ಬಂದು ನಿಂತರೆ: ಜಿಡಿಬಿಯೋ, ಲಾಗೋ, ಟ್ರೇಸೋ?

ಕ್ಯೂಎಮು ಅಂದರೆ ಕಂಪ್ಯೂಟರನ್ನೇ ಸಾಫ್ಟ್‌ವೇರ್‌ನಲ್ಲಿ ನಕಲು ಮಾಡುವ ಪ್ರೋಗ್ರಾಂ. ಅದರಲ್ಲಿ ನೆಟ್‌ವರ್ಕ್ ಕಾರ್ಡಿನ ಇಂಟರಪ್ಟ್ (ಸಿಪಿಯುವನ್ನು ಕರೆಯುವ ಸಂಕೇತ) ಕೈಕೊಟ್ಟರೆ ನಾನು ಮೊದಲು ಹಾಕುವುದು ಟ್ರೇಸ್, ಅಂದರೆ ಕ್ಯೂಎಮು ತನ್ನೊಳಗೆ ನಡೆದದ್ದನ್ನು ಸಾಲುಸಾಲಾಗಿ ಬರೆಯುವ ಸೌಲಭ್ಯ. ಜಿಡಿಬಿ ಎಂಬ ಡಿಬಗ್ಗರ್ ಏನಿದ್ದರೂ ಆಮೇಲೆ. ಒಂದು ಪುಟ್ಟ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಡ್ರೈವರ್ ಜೊತೆ ಗುದ್ದಾಡಿದ ಮೇಲೆ ಈ ಅಭ್ಯಾಸ ಬಂತು. ಕಾರ್ಡು ಇ1000ಇ, ಅಂದರೆ ಇಂಟೆಲ್ 82574ಎಲ್‌ನ ನಕಲು. ಮೊದಲ ಪ್ಯಾಕೆಟ್‌ಗೆ ಇಂಟರಪ್ಟ್ ಬರುತ್ತಿತ್ತು. ಎರಡನೆಯದಕ್ಕೆ ಸದ್ದೇ ಇಲ್ಲ. ಪ್ಯಾಕೆಟ್‌ಗಳು ಮಾತ್ರ ರಿಂಗ್‌ಗೆ (ಪ್ಯಾಕೆಟ್‌ಗಳಿಗಾಗಿ ಇಟ್ಟ ಮೆಮೊರಿ ಸಾಲು) ಸರಿಯಾಗಿ ಬಂದು ಕೂರುತ್ತಿದ್ದವು.

ಜಿಡಿಬಿಯಲ್ಲಿ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಕೋಡ್) ಮೇಲೆ ಬ್ರೇಕ್‌ಪಾಯಿಂಟ್, ಅಂದರೆ ನಿಲ್ಲಬೇಕಾದ ಜಾಗದ ಗುರುತು, ಇಟ್ಟರೆ ಅಲ್ಲಿಗೆ ತಲುಪಿತೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಕಿರಿಕಿರಿ ಶುರುವಾಗುವುದು ಅದರ ನಂತರ. ಇಂಟರಪ್ಟ್ ಯಾಕೆ ಬಂತು ಎಂದು ಹೇಳುವ ರಿಜಿಸ್ಟರ್ ಐಸಿಆರ್. ಎಂಎಸ್‌ಐ-ಎಕ್ಸ್ (ಇಂಟರಪ್ಟನ್ನು ಲೈನ್ ಬದಲು ಸಂದೇಶವಾಗಿ ಕಳಿಸುವ ವಿಧಾನ) ಬಳಸದೆ ಹಳೇ ಇಂಟರಪ್ಟ್ ಲೈನ್‌ನಲ್ಲೇ ಇದ್ದರೆ, ಐಸಿಆರ್ ಅನ್ನು ಓದಿದ ಕೂಡಲೇ ಅದು ಅಳಿಸಿಹೋಗುತ್ತದೆ. ಓದಿದ್ದು ಡ್ರೈವರೋ ಡಿಬಗ್ಗರೋ ಎಂಬ ಭೇದ ಕಾರ್ಡಿಗಿಲ್ಲ. ಜಿಡಿಬಿಯಿಂದ ಐಸಿಆರ್‌ನ ವಿಳಾಸ ನೋಡಿ ಮುಂದಕ್ಕೆ ಬಿಟ್ಟೆ. ಮುಂದಿನ ಪಿಂಗ್‌ಗೆ ಇಂಟರಪ್ಟ್ ಬಂದೇಬಿಟ್ಟಿತು! ನೋಡದೆ ಬಿಟ್ಟರೆ ಮತ್ತೆ ಇಲ್ಲ.

ಇದು ಸಾಲದು ಅಂತ ಇನ್ನೊಂದಿದೆ. ಸಿಂಗಲ್ ಸ್ಟೆಪ್ ಮಾಡುವಾಗ ಕ್ಯೂಎಮು ಇಂಟರಪ್ಟ್‌ಗಳನ್ನೂ ಟೈಮರ್‌ಗಳನ್ನೂ ತಾನಾಗಿಯೇ ತಡೆದಿಡುತ್ತದೆ. ಸ್ಟೆಪ್ ಬಿಟ್‌ಗಳಿಗೆ ಅದು ಇಟ್ಟುಕೊಂಡಿರುವ ಬೆಲೆ 7. ಅದರಲ್ಲಿ 1 ಅಂದರೆ ಸ್ಟೆಪ್, 2 ಅಂದರೆ ಇಂಟರಪ್ಟ್ ಬೇಡ, 4 ಅಂದರೆ ಟೈಮರ್ ಬೇಡ. ನಾವು ಇಂಟರಪ್ಟ್‌ಗಾಗಿ ಒಂದೊಂದೇ ಇನ್‌ಸ್ಟ್ರಕ್ಷನ್ ದಾಟುತ್ತಾ ಕೂತಿದ್ದರೆ ಅದು ಬರುವುದಾದರೂ ಹೇಗೆ? ಜಿಡಿಬಿಯ ಮೇಂಟೆನೆನ್ಸ್ ಪ್ಯಾಕೆಟ್ ಕಮಾಂಡ್‌ನಿಂದ ಅದನ್ನು 5 ಮಾಡಬೇಕು. ಆಗ ಇಂಟರಪ್ಟ್ ಬರುತ್ತದೆ, ಟೈಮರ್ ಮಾತ್ರ ನಿಂತಿರುತ್ತದೆ. ಪ್ರತಿ ಸಲ ಜಿಡಿಬಿ ತೆರೆದಾಗಲೂ ಇದನ್ನು ನೆನಪಿಟ್ಟುಕೊಳ್ಳಬೇಕು ಅಂದರೆ ಕಷ್ಟ ಅಲ್ವಾ?

ಇನ್ನು ಕ್ಯೂಎಮುಗೆ ಮೈನಸ್ ಡಿ ಇಂಟ್ ಎಂಬ ಆಯ್ಕೆ ಕೊಟ್ಟರೆ ಸಿಗುವ ಲಾಗ್: ಸಿಪಿಯು ತೆಗೆದುಕೊಂಡ ಒಂದೊಂದು ಇಂಟರಪ್ಟ್‌ಗೂ ವೆಕ್ಟರ್ ನಂಬರ್ (ಯಾವ ಇಂಟರಪ್ಟ್ ಎಂಬ ಸಂಖ್ಯೆ), ಜೊತೆಗೆ ರಿಜಿಸ್ಟರ್‌ಗಳ ಪೂರ್ತಿ ಪಟ್ಟಿ. ಟೈಮರ್ ಸಾಲುಗಳೇ ಫೈಲ್ ತುಂಬಿಬಿಡುತ್ತವೆ. ಟ್ರಿಪಲ್ ಫಾಲ್ಟ್ (ತಪ್ಪಿನ ಮೇಲೆ ತಪ್ಪಾಗಿ ಯಂತ್ರವೇ ರೀಸೆಟ್ ಆಗುವುದು) ಹಿಡಿಯಲು ನನಗೆ ಇದೇ ಇಷ್ಟ. ಆದರೆ ಸಿಪಿಯು ತನಕ ಬಾರದ ಇಂಟರಪ್ಟ್ ಬಗ್ಗೆ ಇದು ಏನೂ ಹೇಳುವುದಿಲ್ಲ.



ಟ್ರೇಸ್ ಮಾತಾಡುವುದು ಕಾರ್ಡಿನ ಒಳಗಿಂದ. ಇ1000ಇ_ಐಆರ್‌ಕ್ಯೂ ಎಂದು ಶುರುವಾಗುವ ಈವೆಂಟ್‌ಗಳನ್ನು ನಕ್ಷತ್ರ ಚಿಹ್ನೆ ಹಾಕಿ ಒಟ್ಟಿಗೆ ಆನ್ ಮಾಡಿದೆ. ಐಆರ್‌ಕ್ಯೂ ಲೈನ್ ಸ್ಟೇಟ್ 1 ಎಂಬ ಸಾಲು ಬಂತು, ಅಂದರೆ ಇಂಟರಪ್ಟ್ ಲೈನ್ ಏರಿದೆ. ಅದರ ಕೆಳಗೆ 0 ಬರಲೇ ಇಲ್ಲ. ಐಸಿಆರ್ ಓದಿದ ಗುರುತೂ ಇಲ್ಲ. ಹ್ಯಾಂಡ್ಲರ್ ಎಪಿಐಸಿಗೆ (ಸಿಪಿಯುಗೆ ಇಂಟರಪ್ಟ್ ತಲುಪಿಸುವ ಘಟಕ) ಇಒಐ, ಅಂದರೆ ಕೆಲಸ ಮುಗಿಯಿತೆಂಬ ಸೂಚನೆ, ಕಳಿಸಿ ಹೊರಬರುತ್ತಿತ್ತು, ಕಾರ್ಡಿನ ಲೈನ್ ಮಾತ್ರ ಏರಿದ್ದು ಇಳಿಯುತ್ತಲೇ ಇರಲಿಲ್ಲ. ಕಾರ್ಡುಗಳ ಲೈನ್‌ಗಳು ಬಂದು ಸೇರುವ ಐಒ ಎಪಿಐಸಿಯಲ್ಲಿ ಆ ಲೈನ್ ಎಡ್ಜ್ ಅಂತ ಬರೆದಿತ್ತು, ಅಂದರೆ ಲೈನ್ ಏರುವ ಕ್ಷಣ ಮಾತ್ರ ಲೆಕ್ಕಕ್ಕೆ. ಇಳಿಯದೆ ಮತ್ತೆ ಏರುವುದು ಎಲ್ಲಿಂದ ಬಂತು? ಪಿಸಿಐ (ಕಾರ್ಡನ್ನು ಜೋಡಿಸುವ ಬಸ್) ಲೈನ್ ಲೆವೆಲ್ ಆಗಿರಬೇಕು, ಅಂದರೆ ಏರಿರುವಷ್ಟು ಹೊತ್ತೂ ಲೆಕ್ಕಕ್ಕೆ. ಹಾಗಿದ್ದಿದ್ದರೆ ಇಂಟರಪ್ಟ್‌ಗಳು ನಿಲ್ಲದೆ ಸುರಿದು, ದೋಷ ಬೇಗ ಸಿಕ್ಕಿಬೀಳುತ್ತಿತ್ತು. ಲೆವೆಲ್ ಮಾಡಿ, ಹ್ಯಾಂಡ್ಲರ್‌ನಲ್ಲಿ ಐಸಿಆರ್ ಓದಿಸಿದ ಮೇಲೆ ಟ್ರೇಸ್‌ನಲ್ಲಿ 1, 0, 1, 0 ಅಂತ ಸಾಲಾಗಿ ಬಂತು.

ನನಗೆ ಇದಕ್ಕೆಲ್ಲ ಸಿಗುವುದು ಆಫೀಸ್ ಮುಗಿದ ಮೇಲಿನ ಹೊತ್ತು, ಇರುವುದು ಹಳೇ ಲ್ಯಾಪ್‌ಟಾಪ್. ಗೆಸ್ಟ್ ಅನ್ನು (ಕ್ಯೂಎಮು ಒಳಗೆ ಓಡುವ ಸಿಸ್ಟಂ) ಮುಟ್ಟದೆ ಉತ್ತರ ಕೊಡುವ ಸಾಧನವೇ ನನಗೆ ಬೇಕು. ಹಳೇ ಇ1000 ಕಾರ್ಡಿನಲ್ಲಿ ಇಷ್ಟು ಟ್ರೇಸ್ ಸಾಲುಗಳಿಲ್ಲ. ಅದರ ಡಿಬಗ್ ಸಾಲುಗಳು ಬೇಕೆಂದರೆ ಕ್ಯೂಎಮುವನ್ನೇ ಮತ್ತೆ ಕಂಪೈಲ್ ಮಾಡಬೇಕು. ಅದಕ್ಕೇ ಹೊಸ ಡ್ರೈವರ್ ಬರೆಯುವುದಿದ್ದರೆ ಇ1000ಇಯಿಂದಲೇ ಶುರು ಮಾಡುತ್ತೇನೆ.