ನದಿಯ ನಾಲ್ಕು ಪಾಠಗಳು: ಸ್ಮೆತಾನಾ ಅವರ ‘ವಲ್ಟಾವಾ’

ಚೆಕ್ ಸಂಗೀತ ರಚನಕಾರ ಬೆಡ್ರಿಖ್ ಸ್ಮೆತಾನಾ ತಮ್ಮ ನಾಡಿನ ವಲ್ಟಾವಾ ನದಿಯ ಕುರಿತು ವಾದ್ಯವೃಂದಕ್ಕಾಗಿ ಬರೆದ ‘ವಲ್ಟಾವಾ’ ಎಂಬ ಸ್ವರಕಾವ್ಯವನ್ನು ನಾನು ಹಾಸನದ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ನದಿಯೊಂದು ಹುಟ್ಟಿ, ಕಾಡು ಹಾದು, ಹಳ್ಳಿಯ ಮದುವೆಯ ಪಕ್ಕದಲ್ಲಿ ಹರಿದು, ಬಂಡೆಗಳ ನಡುವೆ ಭೋರ್ಗರೆದು, ಕೊನೆಗೆ ಪ್ರಾಗ್ ನಗರವನ್ನು ದಾಟಿ ಕಣ್ಮರೆಯಾಗುವುದನ್ನು ಒಂದು ಮಾತೂ ಇಲ್ಲದೆ ಸುಮಾರು 12 ನಿಮಿಷಗಳಲ್ಲಿ ಹೇಳುವ ಈ ಕೃತಿ, ಹೇಮಾವತಿಯನ್ನು ಮೂಡಿಗೆರೆ ಸೀಮೆಯ ಜಾವಳಿಯಿಂದ ಸಕಲೇಶಪುರದ ಸೇತುವೆಯವರೆಗೂ, ಅಲ್ಲಿಂದ ಗೊರೂರಿನವರೆಗೂ ಕಂಡಿರುವ ನನಗೆ ಮೊದಲ ಸಲ ಕೇಳಿದಾಗಲೇ ಹತ್ತಿರದ್ದೆನಿಸಿತು. ಈ ಮಳೆಗಾಲದಲ್ಲಿ ಅದರ ನಾಲ್ಕು ಧ್ವನಿಮುದ್ರಣಗಳನ್ನು ಒಂದಾದ ಮೇಲೊಂದರಂತೆ, ಕ್ರಮವನ್ನು ಬದಲಿಸುತ್ತಾ, ಅನೇಕ ರಾತ್ರಿ ಕೇಳಿದೆ. ಹೆಂಚಿನ ಮೇಲೆ ಮಳೆ ಬೀಳುವಾಗ ಕೃತಿಯ ಆರಂಭದ ಮೆಲುದನಿಗಳು ಸ್ಪೀಕರಿನಲ್ಲಿ ಉಳಿಯುವುದಿಲ್ಲವಾದ್ದರಿಂದ ನಾಲ್ಕನ್ನೂ ಹೆಡ್‌ಫೋನಿನಲ್ಲಿಯೇ ಕೇಳಿದ್ದೇನೆ.

ಸ್ಮೆತಾನಾ 1874ರ ಅಕ್ಟೋಬರಿನಲ್ಲಿ ಸಂಪೂರ್ಣವಾಗಿ ಕಿವುಡರಾದರು. ಅದೇ ವರ್ಷದ ನವೆಂಬರ್ 20ರಂದು ‘ವಲ್ಟಾವಾ’ವನ್ನು ಆರಂಭಿಸಿ ಡಿಸೆಂಬರ್ 8ರಂದು ಮುಗಿಸಿದರು. ‘ಮಾ ವ್ಲಾಸ್ಟ್’, ಅಂದರೆ ‘ನನ್ನ ನಾಡು’, ಎಂಬ ಆರು ಸ್ವರಕಾವ್ಯಗಳ ಮಾಲೆಯಲ್ಲಿ ಇದು ಎರಡನೆಯದು. ತಾವೇ ಬರೆದ ಈ ನದಿಯ ದನಿ ಅವರ ಕಿವಿಗೆ ಒಮ್ಮೆಯೂ ಬೀಳಲಿಲ್ಲ ಎಂಬುದು ನೆನಪಾದಾಗಲೆಲ್ಲ, ಪ್ರತಿಯೊಂದು ವಾದ್ಯಕ್ಕೂ ಅವರು ಎಷ್ಟು ನಿಖರವಾಗಿ ಕೆಲಸ ಹಂಚಿದ್ದಾರೆಂದು ನನಗೆ ಮತ್ತೆ ಬೆರಗಾಗುತ್ತದೆ. ಒಂದು ಫ್ಲೂಟ್ ತಣ್ಣನೆಯ ತೊರೆಯಾಗಿ ಹೊರಡುತ್ತದೆ, ಇನ್ನೊಂದು ಬಂದು ಕೂಡುತ್ತದೆ. ಬಳಿಕ ಕ್ಲಾರಿನೆಟ್‌ಗಳು ಬೆಚ್ಚನೆಯ ತೊರೆಯಾಗಿ ಸೇರುತ್ತವೆ. ವಯೊಲಿನ್ ತಂತಿಗಳನ್ನು ಬೆರಳಿನಿಂದ ಮೀಟಿದ ಸದ್ದು ಮತ್ತು ಹಾರ್ಪಿನ ಸ್ವರಗಳು ಹನಿಗಳಂತೆ ಅಲ್ಲಲ್ಲಿ ಬೀಳುತ್ತವೆ. ನದಿಯ ಹೆಸರಾಂತ ರಾಗವನ್ನು ಮೊದಲ ವಯೊಲಿನ್‌ಗಳೂ ಓಬೋಗಳೂ ಎತ್ತಿಕೊಂಡಾಗ, ಅದರ ಕೆಳಗೆ ಉಳಿದ ತಂತಿವಾದ್ಯಗಳು ಬಿಡುವಿಲ್ಲದೆ ಸಣ್ಣ ಸಣ್ಣ ಸ್ವರಗಳಲ್ಲಿ ಸುಳಿಯುತ್ತಿರುತ್ತವೆ.

ಒಂದು ಧ್ವನಿಮುದ್ರಣವನ್ನು ಅಳೆಯಲು ನಾನು ಹಿಡಿಯುವ ಮಾನದಂಡ ಈ ಕೆಳಗಿನ ಸುಳಿಯೇ. ಹಾಡುಗಾರಿಕೆಯ ಹಿಂದೆ ತಂಬೂರಿ ಕೇಳದಿದ್ದರೆ ಎಂಥ ರಾಗವೂ ನೆಲ ತಪ್ಪಿದಂತಾಗುತ್ತದೆ. ಹಾಗೆಯೇ ಇಲ್ಲಿ ಕೆಳಗಿನ ನೀರು ಓಡುತ್ತಿರುವುದು ಕೇಳದಿದ್ದರೆ ಮೇಲಿನ ರಾಗ ಇಂಪಾದೊಂದು ಹಾಡಾಗುತ್ತದೆಯೇ ಹೊರತು ನದಿಯಾಗುವುದಿಲ್ಲ.

ವೃಂದ ನಿರ್ದೇಶಕ ಹರ್ಬರ್ಟ್ ಫಾನ್ ಕಾರಾಯನ್ ಅವರು ಬರ್ಲಿನ್ ಫಿಲ್‌ಹಾರ್ಮೋನಿಕ್ ವೃಂದದೊಂದಿಗೆ 1967ರಲ್ಲಿ ಮಾಡಿದ ಧ್ವನಿಮುದ್ರಣ ಈ ಅಳತೆಯಲ್ಲಿ ಹಿಂದೆ ಬೀಳುತ್ತದೆ. ರಾಗವಂತೂ ಒಂದೇ ಉಸಿರಿನಲ್ಲಿ ಎಳೆದಂತೆ, ಎಲ್ಲಿಯೂ ಹೊಲಿಗೆ ಕಾಣದಂತೆ ಬರುತ್ತದೆ. ತಂತಿವಾದ್ಯಗಳ ಆ ತುಂಬುದನಿಯನ್ನು ಮೆಚ್ಚದಿರಲು ಸಾಧ್ಯವಿಲ್ಲ. ಆದರೆ ಆ ತುಂಬುದನಿಯಲ್ಲಿಯೇ ಕೆಳಗಿನ ಸ್ವರಗಳು ಕರಗಿ ಹೋಗುತ್ತವೆ. ನದಿಗೆ ಹೊಳಪಿದೆ, ಸೆಳೆತವಿಲ್ಲ. ಹಳ್ಳಿಯ ಮದುವೆಯ ಪೋಲ್ಕಾ ಕುಣಿತವೂ ಅರಮನೆಯ ಹಜಾರದಲ್ಲಿ ನಡೆದಂತೆ ತೋರುತ್ತದೆ.

ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಅವರು ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ 1951ರಲ್ಲಿ ಮಾಡಿದ ಮುದ್ರಣ ಎಲ್ಲ ದನಿಯೂ ಒಂದೇ ಚಾನೆಲ್‌ನಲ್ಲಿ ಬರುವ ಮೋನೋ ಕಾಲದ್ದು; ಹಾರ್ಪಿನ ಹನಿಗಳು ಅದರಲ್ಲಿ ಮಬ್ಬಾಗಿವೆ. ಆದರೂ ಬೆಳದಿಂಗಳಲ್ಲಿ ಜಲಕನ್ಯೆಯರು ನರ್ತಿಸುವ ಭಾಗಕ್ಕಾಗಿ ನಾನು ಮತ್ತೆ ಮತ್ತೆ ಅದಕ್ಕೇ ಮರಳುತ್ತೇನೆ. ದನಿ ತಗ್ಗಿಸುವ ಮ್ಯೂಟ್ ಹಾಕಿದ ವಯೊಲಿನ್‌ಗಳು ಎತ್ತರದಲ್ಲಿ ಅಲುಗಾಡದೆ ನಿಂತಿರುವಾಗ, ಕೆಳಗೆ ಫ್ಲೂಟ್ ಮತ್ತು ಕ್ಲಾರಿನೆಟ್‌ಗಳ ಅಲೆ ಮೆಲ್ಲಗೆ ಏಳುತ್ತಾ ಬೀಳುತ್ತಾ ಇರುತ್ತದೆ. ಸಕಲೇಶ್ವರ ದೇವಸ್ಥಾನದ ಬಳಿ ಮಳೆ ನಿಂತ ರಾತ್ರಿ ಹೊಳೆಯ ನೀರು ನಿಂತೇ ಇದೆಯೇನೋ ಎಂದು ತೋರಿ, ಕಣ್ಣಿಟ್ಟು ನೋಡಿದರೆ ಎಲೆಯೊಂದು ಸದ್ದಿಲ್ಲದೆ ತೇಲಿ ಹೋಗುತ್ತಿರುವುದು ಕಾಣುವ ಹಾಗೆ. ಆ ನಿಶ್ಚಲತೆಯೊಳಗಿನ ಚಲನೆಯನ್ನು ಇನ್ನಾರೂ ಇಷ್ಟು ಧೈರ್ಯದಿಂದ ಹಿಡಿದಿಟ್ಟುಕೊಂಡಿಲ್ಲ.

ಕಾರೆಲ್ ಆಂಚೆರ್ಲ್ ಅವರು ಚೆಕ್ ಫಿಲ್‌ಹಾರ್ಮೋನಿಕ್ ವೃಂದದೊಂದಿಗೆ 1963ರಲ್ಲಿ ಮಾಡಿದ ಮುದ್ರಣವೇ ನನ್ನ ಮೊದಲ ಆಯ್ಕೆ. ನಾಜಿಗಳ ಯಾತನಾ ಶಿಬಿರಗಳಲ್ಲಿ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡು ತಾವು ಬದುಕುಳಿದು ಬಂದ ಈ ನಿರ್ದೇಶಕರು ಕೃತಿಯ ಮೇಲೆ ಯಾವ ಭಾರವನ್ನೂ ಹೇರುವುದಿಲ್ಲ. ಸ್ಮೆತಾನಾ ಬರೆದಿರುವ ಗತಿಸೂಚನೆಯ ತಾತ್ಪರ್ಯ ‘ಚುರುಕಾಗಿ, ಆದರೆ ಆರಾಮವಾಗಿ, ಉದ್ವೇಗವಿಲ್ಲದೆ’ ಎಂದು. ಆಂಚೆರ್ಲ್ ಅದನ್ನು ಅಕ್ಷರಶಃ ಪಾಲಿಸುತ್ತಾರೆ. ನದಿಯ ರಾಗ ಮೊದಲ ಸಲ ಬರುವ ಜಾಗದಲ್ಲಿ ನಾನು ರಾಗವನ್ನು ಬಿಟ್ಟು ವಯೋಲಾ ಮತ್ತು ಚೆಲ್ಲೊಗಳ ಮೇಲಷ್ಟೇ ಗಮನವಿಟ್ಟು ಕೇಳಿದೆ: ಒಂದೊಂದು ಸುಳಿಯೂ ಬಿಡಿಬಿಡಿಯಾಗಿ, ಆದರೆ ತುಂಡಾಗದೆ, ಕಲ್ಲಿನ ಸುತ್ತ ನೀರು ಬಳಸಿ ಹೋಗುವಂತೆ ಕೇಳಿಸುತ್ತದೆ. ಕಾಡಿನ ಬೇಟೆಯ ಭಾಗದಲ್ಲಿ ಚೆಕ್ ವಾದಕರ ಹಾರ್ನ್‌ಗಳಿಗೆ ಸಣ್ಣದೊಂದು ಕಂಪನವಿದೆ; ಅದರಿಂದ ದನಿಗೆ ಬಯಲಿನ ಗಾಳಿ ಸೋಕಿದಂತಾಗುತ್ತದೆ. ಮದುವೆಯ ಪೋಲ್ಕಾದಲ್ಲಿ ಕಾಲುಗಳು ಮಣ್ಣಿನ ನೆಲವನ್ನೇ ಮೆಟ್ಟುತ್ತವೆ, ನದಿ ದೂರ ಸರಿದಂತೆ ಕುಣಿತದ ಸದ್ದು ಹಂತ ಹಂತವಾಗಿ ಹಿಂದೆ ಉಳಿಯುತ್ತದೆ.

ಸೇಂಟ್ ಜಾನ್ ಹೆಸರಿನ ರಭಸದ ಹರಿವಿನ ಭಾಗದಲ್ಲಿ, ಪುಟ್ಟ ಫ್ಲೂಟಾದ ಪಿಕಲೊ ಚೀರಿ ಟಿಂಪನಿ ನಗಾರಿಗಳು ಗುಡುಗುವಾಗಲೂ ಆಂಚೆರ್ಲ್ ಅವರಲ್ಲಿ ಸುಳಿಗಳ ಲೆಕ್ಕ ತಪ್ಪುವುದಿಲ್ಲ. ಆ ಬಂಡೆಗಳು ಈಗ ನಿಜವಾದ ವಲ್ಟಾವಾದಲ್ಲಿ ಕಾಣುವುದಿಲ್ಲ. ಸ್ಟ್ಯೆಖೊವಿಟ್ಸೆ ಅಣೆಕಟ್ಟು ಕಟ್ಟಿದಾಗ ಅವು ಜಲಾಶಯದಲ್ಲಿ ಮುಳುಗಿದವು. ಗೊರೂರಿನ ಹಿನ್ನೀರಿನಲ್ಲಿ ಮಳೆಗಾಲ ಬಂದೊಡನೆ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡುತ್ತಾ ಬೆಳೆದವರಿಗೆ ಈ ಸಂಗತಿ ಸುಮ್ಮನೆ ಓದಿ ಬಿಡುವಂಥದ್ದಲ್ಲ. ಇದು ತಿಳಿದ ಮೇಲೆ ಆ ಒಂದು ನಿಮಿಷವನ್ನು ನಾನು ಇನ್ನಷ್ಟು ಎಚ್ಚರದಿಂದ ಕೇಳುತ್ತೇನೆ.

ಉಳಿದದ್ದು ರಫಾಯೆಲ್ ಕುಬೆಲಿಕ್ ಅವರ 1990ರ ಮುದ್ರಣ. 1948ರಲ್ಲಿ ದೇಶ ಬಿಟ್ಟಿದ್ದ ಅವರು 42 ವರ್ಷಗಳ ಬಳಿಕ ಮರಳಿ, ಸ್ಮೆತಾನಾ ತೀರಿಕೊಂಡ ದಿನವಾದ ಮೇ 12ರಂದು, ಅದೇ ಚೆಕ್ ಫಿಲ್‌ಹಾರ್ಮೋನಿಕ್ ವೃಂದದೊಂದಿಗೆ ಪ್ರಾಗ್‌ನಲ್ಲಿ ಸಭೆಯೆದುರು ನುಡಿಸಿದ್ದು ಇದು. ಕಛೇರಿಯ ನೇರ ಮುದ್ರಣವಾದ್ದರಿಂದ ಆಂಚೆರ್ಲ್ ಅವರಲ್ಲಿರುವ ಸ್ಫುಟತೆ ಇಲ್ಲಿಲ್ಲ. ಮೊದಲರ್ಧದಲ್ಲಿ ಕೆಳಗಿನ ಸುಳಿ ಸಭಾಂಗಣದ ಅನುರಣನದಲ್ಲಿ ಅಷ್ಟಿಷ್ಟು ಮಸುಕಾಗುತ್ತದೆ. ಆದರೆ ರಭಸವೆಲ್ಲ ಕಳೆದು ರಾಗ ಮಂಕಾದ ಮೈನರ್ ಸ್ವರಶ್ರೇಣಿಯಿಂದ ಬೆಳಕಿನ ಮೇಜರ್‌ಗೆ ತಿರುಗಿ ನದಿ ಅಗಲವಾದಾಗ, ಅದರ ಬೆನ್ನಿಗೇ ಹಿತ್ತಾಳೆ ವಾದ್ಯಗಳು ಪ್ರಾಗ್‌ನ ವಿಶೆಹ್ರಾಡ್ ಕೋಟೆಯನ್ನು ಸೂಚಿಸುವ ಸ್ವರಗಳನ್ನು ಎತ್ತಿದಾಗ, ನನ್ನ ಅಳತೆಗೋಲು ಕೈಯಿಂದ ಜಾರುತ್ತದೆ. ಊರು ಕಂಡವರ ದನಿ ಅದು. ಮೊದಲ ರಾತ್ರಿ ಆ ಜಾಗದಲ್ಲಿ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದೆ.

ನಂತರ ವಯೊಲಿನ್‌ಗಳು ಒಂದೇ ಸುಳಿಯನ್ನು ಸಣ್ಣದಾಗಿಸುತ್ತಾ ದೂರ ಹೋಗುತ್ತವೆ, ಇನ್ನೇನು ಕೇಳಿಸದು ಎನ್ನುವಷ್ಟರಲ್ಲಿ ಇಡೀ ವೃಂದದಿಂದ ಎರಡು ಗಟ್ಟಿ ಏಟುಗಳು ಬೀಳುತ್ತವೆ. ಕುಬೆಲಿಕ್ ಅವರಲ್ಲಿ ನನ್ನ ಮನಸ್ಸು ಕೋಟೆಯ ಬಳಿಯೇ ಉಳಿದಿರುವುದರಿಂದ ಆ ಏಟುಗಳು ಪ್ರತಿ ಸಲವೂ ಬೇಗ ಬಂದಂತೆ ಅನಿಸುತ್ತದೆ. ಆಂಚೆರ್ಲ್ ಅವರಲ್ಲಿ ನಾನು ಕೊನೆಯ ತಿರುವಿನವರೆಗೂ ನೀರನ್ನೇ ಹಿಂಬಾಲಿಸಿ ಹೋಗಿರುತ್ತೇನೆ.